ಎನ್ಸೆಲಾಡಸ್‌ನ ಹುಲಿಪಟ್ಟೆಗೆ ಬಣ್ಣ ಕೂರಿಸಿದ್ದು: ನನ್ನ ಅನುಭವ

ಆಗುವುದಿಲ್ಲ ಅಂದವರೇ ಜಾಸ್ತಿ. ಎನ್ಸೆಲಾಡಸ್ ಶನಿಗ್ರಹದ ಒಂದು ಚಂದ್ರ, ಅದರ ದಕ್ಷಿಣ ಧ್ರುವದ ಉದ್ದನೆ ಸೀಳುಗಳಿಗೆ ಹುಲಿಪಟ್ಟೆ ಅನ್ನುತ್ತಾರೆ. ಕ್ಯಾಸಿನಿ ನೌಕೆ 2008ರಲ್ಲಿ ಹತ್ತಿರದಿಂದ ತೆಗೆದ ಅವುಗಳ ಚಿತ್ರಗಳಿಗೆ, ಅದೇ ನೌಕೆ 2005ರಲ್ಲಿ ತೆಗೆದ ಚಿತ್ರಗಳ ಬಣ್ಣ ಕೂರಿಸುತ್ತೇನೆ ಅಂದಾಗ, ಈ ಕೆಲಸದಲ್ಲಿ ನನಗಿಂತ ಹಿರಿಯರಾದ ಮೂವರು ಬೇಡ ಅಂದರು. ಸೂರ್ಯ ಇರುವ ಜಾಗವೇ ಬೇರೆ, ನೆರಳು ಬೀಳುವ ದಿಕ್ಕೇ ಬೇರೆ, ಸುಮ್ನೆ ಚಂದದ ಸುಳ್ಳು ಚಿತ್ರ ಆಗುತ್ತದೆ ಅಂತ ಅವರ ವಾದ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನೆರಳಿಗೆ ಸಿಕ್ಕಿಹಾಕಿಕೊಳ್ಳದೆ ಬಣ್ಣವನ್ನು ಮಾತ್ರ ಎತ್ತಿಕೊಳ್ಳಲು ಒಂದು ದಾರಿ ಇತ್ತು. ಅದನ್ನು ಹಿಡಿಯಲು ನನಗೆ ಎರಡೂವರೆ ವರ್ಷ ಬೇಕಾಯಿತು. ಲೆಕ್ಕ ಸರಿ ಇದ್ದರೆ ಹನ್ನೊಂದನೇ ಪ್ರಯತ್ನಕ್ಕೆ ಕೂತಿತು. ಈಗ ಆ ಮೂವರಲ್ಲಿ ಇಬ್ಬರು ಇದೇ ರೀತಿ ಮಾಡುತ್ತಿದ್ದಾರೆ. ಹೇಗೆ ಮಾಡಿದೆ ಅಂತ ಕೇಳುವವರೂ ಜಾಸ್ತಿಯಾಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಚಿತ್ರಗಳು ಅಂತ ನಿಮಗೆ ಗೊತ್ತೇ ಇರುತ್ತದೆ. 2008ರ ಆಗಸ್ಟ್ 11ರಂದು ಕ್ಯಾಸಿನಿ ಎನ್ಸೆಲಾಡಸ್‌ನಿಂದ ಬರೀ 50 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ವೇಗ ಗಂಟೆಗೆ ಸುಮಾರು 64,000 ಕಿಲೋಮೀಟರ್. ಆ ವೇಗದಲ್ಲಿ ಕ್ಯಾಮೆರಾವನ್ನು ನೆಲದ ಜೊತೆಗೇ ತಿರುಗಿಸಿಕೊಂಡು ಹೋಗುವುದು ನೌಕೆಯ ಕೈಲಾಗದ ಕೆಲಸ. ಕಾರ್ನೆಲ್ ವಿಶ್ವವಿದ್ಯಾಲಯದ ಪಾಲ್ ಹೆಲ್ಫೆನ್‌ಸ್ಟೈನ್ ಅದಕ್ಕೊಂದು ಉಪಾಯ ಹೂಡಿದರು. ಹಾರುವ ಬಿಲ್ಲೆಗೆ ಗುಂಡು ಹೊಡೆಯುವವರು ಬಂದೂಕನ್ನು ಬಿಲ್ಲೆಗಿಂತ ಮುಂದೆ ಹಿಡಿಯುತ್ತಾರಲ್ಲ, ಹಾಗೆ. ನೌಕೆ ಮೊದಲೇ ತಿರುಗಲು ಶುರುಮಾಡಿ, ನೆಲ ತನ್ನ ನೋಟದ ಜಾಗಕ್ಕೆ ಬಂದ ಕ್ಷಣದಲ್ಲಿ ಕ್ಲಿಕ್ ಮಾಡಿತು. ಕಿರುಕೋನದ ಕ್ಯಾಮೆರಾದಲ್ಲಿ ಏಳು ಜಾಗಗಳ ಚಿತ್ರ ಸಿಕ್ಕವು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪಿಕ್ಸೆಲ್‌ಗೆ ಸುಮಾರು 7 ಮೀಟರ್. 500 ಕಿಲೋಮೀಟರ್ ಅಗಲದ ಒಂದು ಹಿಮದ ಚಂದ್ರನ ಮೇಲೆ ಮನೆ ಗಾತ್ರದ ಮಂಜುಗಡ್ಡೆಯನ್ನು ಬಿಡಿಬಿಡಿಯಾಗಿ ನೋಡುವುದು ಅಂದರೆ ಸಾಮಾನ್ಯವಲ್ಲ.

ಆದರೆ ಅವೆಲ್ಲ ಕಪ್ಪು ಬಿಳುಪು. ಬೇರೆ ಬೇರೆ ಫಿಲ್ಟರ್ ಹಾಕಿ ತೆಗೆದ ಚಿತ್ರಗಳನ್ನು ಸೇರಿಸಿದರೇನೇ ಬಣ್ಣ ಬರುವುದು, ಫಿಲ್ಟರ್ ಬದಲಿಸುವಷ್ಟು ಪುರುಸೊತ್ತು ಅಲ್ಲಿರಲಿಲ್ಲ. ನನಗೆ ಬೇಕಿದ್ದದ್ದು ಬಣ್ಣ. ಹುಲಿಪಟ್ಟೆಗಳ ಕಥೆ ಇರುವುದೇ ಬಣ್ಣದಲ್ಲಿ. ಡಮಾಸ್ಕಸ್, ಬಾಗ್ದಾದ್, ಕೈರೋ, ಅಲೆಕ್ಸಾಂಡ್ರಿಯಾ ಅಂತ ಹೆಸರಿರುವ ಆ ನಾಲ್ಕು ದೊಡ್ಡ ಸೀಳುಗಳು ಒಂದೊಂದೂ 130 ಕಿಲೋಮೀಟರ್‌ನಷ್ಟು ಉದ್ದ. ಅವುಗಳ ಗೋಡೆಗಳಲ್ಲಿ ಮಂಜಿನ ಹರಳು ದಪ್ಪ. ದಪ್ಪ ಹರಳು ಅವಗೆಂಪು ಬೆಳಕನ್ನು ಜಾಸ್ತಿ ನುಂಗುತ್ತದೆ, ಹಾಗಾಗಿ ಫಿಲ್ಟರ್ ಚಿತ್ರಗಳನ್ನು ಸೇರಿಸಿದಾಗ ನೀಲಿಯಾಗಿ ಕಾಣುತ್ತದೆ. ಸುತ್ತಲಿನ ಬಯಲಿನ ಮೇಲೆ, ಸೀಳುಗಳಿಂದ ಚಿಮ್ಮುವ ಹಿಮದ ಚಿಲುಮೆಗಳಿಂದ ಹಾರಿದ ನುಣ್ಣನೆ ಪುಡಿ ಉದುರಿ ಕೂತಿದೆ, ಅದು ಬೆಳ್ಳಗೆ. ಎಲ್ಲಿ ನೀಲಿ ನಿಂತು ಎಲ್ಲಿ ಬಿಳಿ ಶುರುವಾಗುತ್ತದೋ ಅಲ್ಲಿಗೆ ಪುಡಿಯ ಹೊದಿಕೆಯ ಅಂಚು ಸಿಕ್ಕಿತು ಅಂತ ಅರ್ಥ. ಆ ಅಂಚನ್ನು 7 ಮೀಟರ್‌ನ ಚಿತ್ರದ ಮೇಲೆ ಇಟ್ಟು ನೋಡಬೇಕು ಅನ್ನುವುದೇ ನನ್ನ ಹಟ.

ಬಣ್ಣಕ್ಕೆ ಮೊದಲು ಕೈ ಹಾಕಿದ್ದು 2005ರ ಜುಲೈ 14ರ ಚಿತ್ರಗಳಿಗೆ. ಆ ದಿನದ 21 ಚಿತ್ರ ಸೇರಿಸಿ ಕ್ಯಾಸಿನಿ ತಂಡ ಮಾಡಿದ ದೊಡ್ಡ ಬಣ್ಣದ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಯುವಿ3 (ಅತಿನೇರಳೆ), ಗ್ರೀನ್ (ಹಸಿರು), ಐಆರ್3 (ಅವಗೆಂಪು), ಈ ಮೂರು ಫಿಲ್ಟರ್‌ಗಳೇ ನನಗೆ ಸಾಕು. ಹತ್ತಿರದ್ದರಲ್ಲಿ ಪಿಕ್ಸೆಲ್‌ಗೆ 70 ಮೀಟರ್ ಹತ್ತಿರ, ದೂರದ್ದರಲ್ಲಿ 300ಕ್ಕೂ ಜಾಸ್ತಿ.

ಮೊದಲ ತಪ್ಪು ನಾಚಿಕೆಯಿಲ್ಲದೆ ಹೇಳುತ್ತೇನೆ, ಹೊಸಬರು ಇವತ್ತಿಗೂ ಇದನ್ನೇ ಮಾಡುತ್ತಾರೆ. ಬೇಗ ಆಗಲಿ ಅಂತ ಜೆಪೆಗ್ ಚಿತ್ರಗಳನ್ನು ಇಳಿಸಿಕೊಂಡೆ. ಅವುಗಳಲ್ಲಿ ಪ್ರತಿ ಚಿತ್ರದ ಬೆಳಕನ್ನೂ ಬೇರೆ ಬೇರೆಯಾಗಿ ಎಳೆದು ಹಿಗ್ಗಿಸಿರುತ್ತಾರೆ. ಯುವಿ ಚಿತ್ರದಲ್ಲಿ ಹೊಳಪಿನ ಅಂಕಿ 200 ಅಂತಿದ್ದರೆ, ಅದಕ್ಕೂ ಐಆರ್‌ನ 200ಕ್ಕೂ ಸಂಬಂಧವೇ ಇರುವುದಿಲ್ಲ. ನಾಲ್ಕು ತಿಂಗಳು ಅದರ ಮೇಲೆ ಕೂತು ಒಂದು ಸುಂದರವಾದ ನೀಲಿ ಚಿತ್ರ ಮಾಡಿದೆ. ಪಕ್ಕದ ಚಿತ್ರಕ್ಕೆ ಅದೇ ಲೆಕ್ಕ ಹಾಕಿದರೆ ಅದೇ ಸೀಳು ಹಸಿರಾಗಿ ಬಂತು. ಆ ನಾಲ್ಕು ತಿಂಗಳ ಕೆಲಸವನ್ನು ಪೂರ್ತಿ ಅಳಿಸಿದೆ. ನಾಸಾದ ಪಿಡಿಎಸ್ ಸಂಗ್ರಹದಲ್ಲಿ ಮೂಲ ಅಂಕಿಗಳು ಹಾಗೇ ಇರುವ ಐಎಂಜಿ ಕಡತ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ.

ಎರಡನೆಯದು, ಮೂರು ಫಿಲ್ಟರ್‌ಗಳನ್ನು ಒಂದರ ಮೇಲೊಂದು ಕೂರಿಸುವುದು. ಒಂದು ಫಿಲ್ಟರ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನೌಕೆ ಎಷ್ಟೋ ದೂರ ಹೋಗಿರುತ್ತದೆ. ಚಿತ್ರವನ್ನು ಸರಿಸಿ, ತಿರುಗಿಸಿ, ಎಳೆದು ಕೂರಿಸಿದರೆ ಮಧ್ಯದಲ್ಲಿ ಕೂರುತ್ತದೆ, ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಕೊನೆಗೆ ಎಲ್ಲರೂ ಹೋಗುವ ದಾರಿಗೇ ಬಂದೆ: ಗ್ರಹಗಳ ಚಿತ್ರಕ್ಕೆಂದೇ ಇರುವ ಐಸಿಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸ್ಪೈಸ್ ಕರ್ನಲ್ (ನೌಕೆ ಎಲ್ಲಿತ್ತು, ಚಂದ್ರ ಹೇಗೆ ತಿರುಗುತ್ತದೆ ಅನ್ನುವ ದಾಖಲೆ) ಹಾಕಿ, ಬೆಳಕಿನ ಅಳತೆ ಸರಿಮಾಡಿ, ಪ್ರತಿ ಚಿತ್ರವನ್ನೂ ದಕ್ಷಿಣ ಧ್ರುವದ ನಕ್ಷೆಗೆ ಹಾಸುವುದು. ಆಗಲೂ ಹತ್ತಾರು ಪಿಕ್ಸೆಲ್ ಆಚೀಚೆ. ಕ್ಯಾಮೆರಾ ಯಾವ ಕಡೆ ನೋಡುತ್ತಿತ್ತು ಅನ್ನುವ ದಾಖಲೆಯಲ್ಲೇ ಅಷ್ಟು ತಪ್ಪಿರುತ್ತದೆ. ಹಾಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗುರುತಿನ ಬಿಂದುಗಳನ್ನು ಕೈಯಲ್ಲೇ ಹಾಕಿದೆ. ಸುಮಾರು 1,400 ಬಿಂದು. ತಾನಾಗಿ ಬಿಂದು ಹುಡುಕುವ ಪ್ರೋಗ್ರಾಂ ಇಲ್ಲಿ ಕೈಕೊಡುತ್ತದೆ. 2005ರಲ್ಲಿ ಬೆಳಗಿದ್ದ ಇಳಿಜಾರು 2008ರಲ್ಲಿ ನೆರಳಲ್ಲಿದೆ, ಪ್ರೋಗ್ರಾಂ ನೆರಳಿನ ಅಂಚನ್ನೇ ಬಂಡೆ ಅಂತ ಹಿಡಿಯುತ್ತದೆ. ಸೀಳು ಸೀಳನ್ನು ಕತ್ತರಿಸುವ ಜಾಗ ಹುಡುಕಿ ಬಿಂದು ಹಾಕಿ. ಅದು ಯಾವ ಬೆಳಕಿನಲ್ಲೂ ಮೋಸ ಮಾಡುವುದಿಲ್ಲ.

ಇಷ್ಟಾದ ಮೇಲೂ ಹತ್ತು ಹನ್ನೆರಡು ಪಿಕ್ಸೆಲ್‌ನ ಒಂದು ತಪ್ಪು ಹೋಗಲೇ ಇಲ್ಲ. ಎಷ್ಟು ಬಿಂದು ಹಾಕಿದರೂ ಅಷ್ಟೇ. ತಲೆ ಕೆಟ್ಟುಹೋಗಿತ್ತು. ಆಮೇಲೆ ನೆನಪಾದದ್ದು 2015ರಲ್ಲಿ ಬಂದ ಪೀಟರ್ ಥಾಮಸ್ ಮತ್ತು ಜೊತೆಗಾರರ ಕೆಲಸ. ಅವರೂ ಇದೇ ಕ್ಯಾಸಿನಿ ಚಿತ್ರಗಳಲ್ಲಿ, ಏಳು ವರ್ಷಕ್ಕೂ ಮೀರಿದ ಚಿತ್ರಗಳಲ್ಲಿ, ಕುಳಿಗಳ ಜಾಗವನ್ನು ಕೂತು ಗುರುತು ಮಾಡಿದವರು. ಎನ್ಸೆಲಾಡಸ್ ತಿರುಗುವಾಗ 0.12 ಡಿಗ್ರಿಯಷ್ಟು ಅತ್ತಿತ್ತ ತೂಗುತ್ತದೆ ಅಂತ ಅವರಿಗೆ ಗೊತ್ತಾಯಿತು. ಹಿಮದ ಚಿಪ್ಪು ಒಳಗಿನ ಕಲ್ಲಿಗೆ ಅಂಟಿಕೊಂಡಿದ್ದರೆ ಅಷ್ಟು ತೂಗಲು ಸಾಧ್ಯವೇ ಇಲ್ಲ. ನಡುವೆ ಸುತ್ತಲೂ ನೀರಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಒಂದು ಇಡೀ ಸಮುದ್ರ ಸಿಕ್ಕಿದ್ದು ಚಿತ್ರದ ಮೇಲಿನ ಚುಕ್ಕಿಗಳಿಂದ! ಚುಕ್ಕಿ ಹಾಕಿ ಹಾಕಿ ಬೆರಳು ನೋಯಿಸಿಕೊಂಡವರಿಗೆ ಇದರ ಬೆಲೆ ಗೊತ್ತು. 0.12 ಡಿಗ್ರಿ ಅಂದರೆ ಸಮಭಾಜಕದಲ್ಲಿ ಅರ್ಧ ಕಿಲೋಮೀಟರ್ ಮೇಲೆ. ಹುಲಿಪಟ್ಟೆಗಳು ಧ್ರುವದ ಹತ್ತಿರ ಇರುವುದರಿಂದ 80 ಡಿಗ್ರಿ ದಕ್ಷಿಣದಲ್ಲಿ ಅದು 90 ಮೀಟರ್ ಆಸುಪಾಸಿಗೆ ಇಳಿಯುತ್ತದೆ. 7 ಮೀಟರ್‌ನ ಚಿತ್ರದಲ್ಲಿ ಅದೇ ಹನ್ನೆರಡು ಹದಿಮೂರು ಪಿಕ್ಸೆಲ್. ನಾನು ಬಳಸುತ್ತಿದ್ದ ಹಳೇ ಕರ್ನಲ್‌ನಲ್ಲಿ ಈ ತೂಗಾಟದ ಲೆಕ್ಕವೇ ಇರಲಿಲ್ಲ. ಅದನ್ನು ಸೇರಿಸಿದ ರಾತ್ರಿ ಸೀಳುಗಳು ಒಂದರ ಮೇಲೊಂದು ಹೋಗಿ ಕೂತವು. ಆ ಖುಷಿ ಇನ್ನೂ ಮರೆತಿಲ್ಲ.

ಈಗ ವಿಷಯಕ್ಕೆ ಬರೋಣ. ಬಣ್ಣವನ್ನು ಬಣ್ಣವಾಗಿ ಎತ್ತಿ ಹಚ್ಚಬೇಡಿ. ಅನುಪಾತವನ್ನು ಎತ್ತಿಕೊಳ್ಳಿ. ಯುವಿ3 ಭಾಗಿಸು ಐಆರ್3, ಗ್ರೀನ್ ಭಾಗಿಸು ಐಆರ್3. ಇಳಿಜಾರು ಸೂರ್ಯನಿಗೆ ಮುಖ ಮಾಡಿದ್ದರೆ ಎರಡೂ ಫಿಲ್ಟರ್‌ನಲ್ಲಿ ಒಂದೇ ಲೆಕ್ಕದಲ್ಲಿ ಬೆಳಗುತ್ತದೆ, ಬೆನ್ನು ತಿರುಗಿಸಿದ್ದರೆ ಎರಡರಲ್ಲೂ ಮಂಕಾಗುತ್ತದೆ. ಭಾಗಿಸಿದಾಗ ಆ ಏರಿಳಿತ ಹೊಡೆದುಹೋಗುತ್ತದೆ. ಉಳಿಯುವುದು ಹಿಮದ ಗುಣ ಮಾತ್ರ. ಅದನ್ನು ತಂದು 2008ರ ಕಪ್ಪು ಬಿಳುಪಿನ ಮೇಲೆ ಇಟ್ಟರೆ ನೆರಳು, ಉಬ್ಬು, ತಗ್ಗು ಎಲ್ಲ 2008ರದ್ದೇ, ನೀಲಿ ಬಿಳಿಯ ವ್ಯತ್ಯಾಸ ಮಾತ್ರ 2005ರದ್ದು. ಕೇಳಲು ಇಷ್ಟು ಸುಲಭ. ಮಾಡಲು ಕೂತಾಗ ಮೂರು ಕಡೆ ಎಡವಿದೆ.

ಮೊದಲು, ಪ್ರತಿ ದಿಬ್ಬದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಕೆಂಪು ಬಂತು. ಎಷ್ಟೋ ಜನ ಇದನ್ನೇ ಹೊಸ ವಿಷಯ ಅಂತ ಹಂಚಿಕೊಂಡಿದ್ದನ್ನು ನೋಡಿದ್ದೇನೆ. ಇದು ಹಿಮದ ಗುಣ ಅಲ್ಲ, ಅರ್ಧ ಪಿಕ್ಸೆಲ್ ತಪ್ಪು. ನೀಲಿ ಯಾವಾಗಲೂ ಒಂದೇ ದಿಕ್ಕಿಗೆ ಬಿದ್ದಿದ್ದರೆ ಕೂರಿಸಿದ್ದು ಸರಿಯಾಗಿಲ್ಲ ಅಂತಲೇ ತಿಳಿಯಿರಿ. ನಿಜವಾದ ನೀಲಿ ಸೀಳಿನ ಎರಡೂ ಗೋಡೆಗಳಲ್ಲಿ ಇರುತ್ತದೆ.

ಅದನ್ನು ಸರಿಮಾಡಿದ ಮೇಲೆ ಅಂಚುಗಳ ಸುತ್ತ ತೆಳ್ಳನೆ ಬಳೆಯ ಹಾಗೆ ಬಣ್ಣ ಉಳಿಯಿತು. ಇದಕ್ಕೆ ಕಾರಣ ಹುಡುಕಲು ಎರಡು ತಿಂಗಳು ಬೇಕಾಯಿತು. ಕ್ಯಾಮೆರಾ ಒಂದೇ, ಮಸೂರ ಒಂದೇ, ಆದರೆ ಯುವಿ3 ಇರುವುದು 338 ನ್ಯಾನೋಮೀಟರ್‌ನಲ್ಲಿ, ಐಆರ್3 ಇರುವುದು 930ರಲ್ಲಿ. ತರಂಗ ಉದ್ದವಾದಷ್ಟೂ ಚಿತ್ರ ಮಸುಕು. ಚೂಪಾದ ಚಿತ್ರವನ್ನು ಮಸುಕು ಚಿತ್ರದಿಂದ ಭಾಗಿಸಿದರೆ ಅಂಚಿನಲ್ಲಿ ಬಳೆ ಬಾರದೆ ಇನ್ನೇನು ಬರುತ್ತದೆ? ಭಾಗಿಸುವ ಮುಂಚೆ ಯುವಿಯನ್ನು ಐಆರ್‌ನಷ್ಟೇ ಮಸುಕು ಮಾಡಬೇಕು. ಎಷ್ಟು ಮಸುಕು, ಯಾವ ಆಕಾರದ ಮಸುಕು ಅನ್ನುವುದನ್ನು ಇಲ್ಲಿ ಹೇಳದೆ ಬಿಡುತ್ತೇನೆ. ನನ್ನ ಚಿತ್ರಗಳು ಬೇರೆಯವರ ಚಿತ್ರಗಳಿಗಿಂತ ಶುಚಿಯಾಗಿ ಕಾಣುವುದು ಅದರಿಂದಲೇ. ನಕ್ಷತ್ರಗಳ ಚಿತ್ರದಿಂದ ಅದನ್ನು ಅಳೆಯಬಹುದು ಅಂತ ಮಾತ್ರ ಹೇಳುತ್ತೇನೆ, ಕೂತರೆ ನಿಮಗೂ ಸಿಗುತ್ತದೆ.

ಮೂರನೆಯದು ನೆರಳಿನ ಒಳಗಿನ ಗದ್ದಲ. ಬೆಳಕೇ ಇಲ್ಲದ ಕಡೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಹಾಗೆ, ಕಡುನೀಲಿ ಚುಕ್ಕಿಗಳ ಸಂತೆ. ಚಿತ್ರದಲ್ಲಿ ಅಡ್ಡಡ್ಡ ಬರುವ ಮಂದ ಪಟ್ಟೆಗಳನ್ನು ಖಾಲಿ ಆಕಾಶದ ಭಾಗದಿಂದ ಅಳೆದು ಕಳೆಯಿರಿ. ಆಮೇಲೆ ನೆರಳನ್ನು ಮುಲಾಜಿಲ್ಲದೆ ಮುಚ್ಚಿಬಿಡಿ. ನನ್ನ ಚಿತ್ರದಲ್ಲಿ ನೆರಳು ಬರೀ ಕಪ್ಪು. ಅಲ್ಲಿನ ಬಣ್ಣ ನನಗೆ ಸಿಕ್ಕಿಲ್ಲ, ಹಾಗಾಗಿ ತೋರಿಸುವುದೂ ಇಲ್ಲ.

ದುಡ್ಡಿನ ವಿಷಯ. ಚಿತ್ರ ಪುಕ್ಕಟೆ, ಐಸಿಸ್ ಪುಕ್ಕಟೆ, ಆದರೂ ನನ್ನ ಕೈಯಿಂದ ಎರಡು ತಿಂಗಳ ಸಂಬಳದಷ್ಟು ಹೋಯಿತು. ಅದರಲ್ಲಿ ಮುಕ್ಕಾಲು ಪಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದೆ, ನಾನು ಓಡಿಸುವ ಯಾವ ಹೆಜ್ಜೆಗೂ ಅದು ಬೇಕಾಗಲಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸರ್ವರ್ ಹಿಡಿದೆ, ಕೆಲಸ ಮುಗಿದ ಮೇಲೂ ಒಂಬತ್ತು ದಿನ ಅದು ಓಡುತ್ತಲೇ ಇತ್ತು. ಚಿತ್ರವನ್ನು ತಾನೇ ಚೂಪು ಮಾಡುತ್ತದೆ ಅಂತ ಒಂದು ಸಾಫ್ಟ್‌ವೇರ್‌ಗೆ ಒಂದು ವರ್ಷದ ಹಣ ಕಟ್ಟಿದೆ. ಅದು ಬಯಲಿನಲ್ಲಿ ಇಲ್ಲದ ಬಿರುಕುಗಳನ್ನು ಹುಟ್ಟಿಸಿತು. ಎಷ್ಟು ನಂಬುವ ಹಾಗಿತ್ತು ಅಂದರೆ, ಮೂಲ ಚಿತ್ರ ಪಕ್ಕದಲ್ಲಿ ಇಟ್ಟುಕೊಂಡು ನೋಡದೆ ಇದ್ದಿದ್ದರೆ ನಾನೇ ಅವನ್ನು ಎಣಿಸಲು ಕೂರುತ್ತಿದ್ದೆ. ವಿಜ್ಞಾನದ ಚಿತ್ರಕ್ಕೆ ಅಂಥದ್ದನ್ನು ಹಾಕುವುದು ತಪ್ಪು, ಇದರಲ್ಲಿ ನನಗೆ ಎರಡು ಮಾತಿಲ್ಲ. ಎಲ್ಲಕ್ಕಿಂತ ನೋವಾದದ್ದು ಡಿಸ್ಕ್ ಕೆಟ್ಟಾಗ. 1,400 ಬಿಂದುಗಳಲ್ಲಿ 600ರಷ್ಟು ಹೋದವು, ಬೇರೆ ಕಡೆ ನಕಲು ಇಟ್ಟಿರಲಿಲ್ಲ. ಮತ್ತೆ ಹಾಕಲು ಆರು ವಾರ. ನಿಜವಾಗಿ ಉಪಯೋಗಕ್ಕೆ ಬಂದದ್ದು ಜಾಸ್ತಿ ಮೆಮೊರಿ ಮತ್ತು ಎರಡನೇ ಡಿಸ್ಕ್, ಅಷ್ಟೇ.

ಇನ್ನು ಕಂಡದ್ದೇನು? ಸೀಳುಗಳು ಇಂಗ್ಲಿಷ್ ವಿ ಅಕ್ಷರದ ಹಾಗೆ ಒಳಗೆ ಇಳಿಯುತ್ತವೆ, ಆಳ 300 ಮೀಟರ್ ಅಂತ ಕ್ಯಾಸಿನಿ ತಂಡವೇ ಹೇಳಿದೆ. ನನ್ನ ಚಿತ್ರದಲ್ಲಿ ನೀಲಿ ಆ ಒಳಗೋಡೆಗಳನ್ನು ಬಿಗಿಯಾಗಿ ಹಿಡಿದಿದೆ. ಆದರೆ ಮೇಲಿನ ತುಟಿಯಲ್ಲಿ ಎಲ್ಲ ಕಡೆ ಒಂದೇ ಸಮ ಇಲ್ಲ. ಕೆಲವು ಕಡೆ ನೀಲಿ ತುಟಿ ದಾಟಿ ಮಂಜುಗಡ್ಡೆ ತುಂಬಿದ ಜಾಗದ ಮೇಲೂ ಹರಡಿದೆ. ಕೆಲವು ಕಡೆ ಹೊರಮೈ ನುಣ್ಣಗೆ ಪುಡಿ ಬಳಿದ ಹಾಗಿದೆ, ಅಲ್ಲಿ ನೀಲಿ ತುಟಿಯಲ್ಲೇ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಬರೀ ಕಪ್ಪು ಬಿಳುಪಿನಲ್ಲಿ ಈ ಎರಡು ಜಾಗಗಳು ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಪಟ್ಟೆಗಳ ನಡುವಿನ, ಹಗ್ಗ ಸುರುಳಿ ಸುತ್ತಿಟ್ಟ ಹಾಗಿನ ದಿಬ್ಬಗಳ ಬಯಲು ಪೂರ್ತಿ ಬಿಳಿ.

ಒಂದು ಎಚ್ಚರ. ಬಣ್ಣದ ಒಂದು ಪಿಕ್ಸೆಲ್ ಒಳಗೆ ಹತ್ತಕ್ಕೆ ಹತ್ತು ಸಣ್ಣ ಪಿಕ್ಸೆಲ್ ಕೂರುತ್ತವೆ. ಒಂದೊಂದು ಗಡ್ಡೆಗೂ ಬೇರೆ ಬಣ್ಣ ಇದೆ ಅಂತ ನನ್ನ ಚಿತ್ರ ನೋಡಿ ಯಾರಾದರೂ ಹೇಳಿದರೆ ನಂಬಬೇಡಿ. ಗಡ್ಡೆಗಳ ಗುಂಪಿನ ಬಣ್ಣ ಹೇಳಬಹುದು, ಗಡ್ಡೆಯದ್ದಲ್ಲ.

ಗಡ್ಡೆಗಳ ಮಾತು ಬಂತಲ್ಲ, ಅವುಗಳ ಹಿಂದೆ ಬಿದ್ದು ಒಂದು ತಿಂಗಳು ಕಳೆದೆ. 2008ರ ಆಗಸ್ಟ್‌ನಲ್ಲಿ ಶನಿಯ ವಿಷುವಕ್ಕೆ, ಅಂದರೆ ಸೂರ್ಯ ಸಮಭಾಜಕದ ನೇರಕ್ಕೆ ಬರುವ ದಿನಕ್ಕೆ, ಸರಿಯಾಗಿ ಒಂದು ವರ್ಷ ಬಾಕಿ. ಧ್ರುವದಲ್ಲಿ ಸೂರ್ಯ ದಿಗಂತದಿಂದ ಐದಾರು ಡಿಗ್ರಿ ಮೇಲೆ ಅಷ್ಟೇ. ಸ್ವಲ್ಪ ಈಚೆ ಬಂದರೆ ಹದಿನೈದು ಡಿಗ್ರಿಯವರೆಗೆ ಸಿಗುತ್ತದೆ. ಸೀಳಿನ ಅಂಚಿನಲ್ಲಿ ಒಂಟಿಯಾಗಿ ಕೂತ ಒಂದು ಗಡ್ಡೆ ಆರಿಸಿಕೊಂಡೆ. ಅಗಲ ಮೂರು ಪಿಕ್ಸೆಲ್, ಸೂರ್ಯನ ಕಡೆಯ ಒಂದು ಪಿಕ್ಸೆಲ್ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಬಾಲದ ಹಾಗೆ ಒಂಬತ್ತು ಪಿಕ್ಸೆಲ್ ನೆರಳು, ತುದಿಯಲ್ಲಿ ಸ್ವಲ್ಪ ಡೊಂಕು. ನೆರಳಿನ ಉದ್ದ 63 ಮೀಟರ್. 15 ಡಿಗ್ರಿ ಹಿಡಿದರೆ ಎತ್ತರ 17 ಮೀಟರ್, ಐದು ಮಹಡಿಯ ಮನೆಯಷ್ಟು. ತುದಿ ಡೊಂಕಾಗಿರುವುದು ನೆಲ ಅಲ್ಲಿ ತಗ್ಗಾಗಿರುವುದರಿಂದ. ಹೀಗೆ ಇನ್ನೂರಕ್ಕೂ ಮೇಲೆ ಅಳೆದೆ. ಸೀಳಿನ ಆಳವನ್ನೂ ಹೀಗೇ ಅಳೆಯಲು ಹೋಗಿ ಸೋತೆ. ಅಷ್ಟು ತಗ್ಗಿನ ಸೂರ್ಯನಿಗೆ 300 ಮೀಟರ್ ಗೋಡೆಯ ನೆರಳು ಕಿಲೋಮೀಟರ್‌ಗಿಂತ ಉದ್ದ ಹೋಗುತ್ತದೆ, ಎದುರಿನ ಗೋಡೆಯನ್ನೇ ಹತ್ತಿಬಿಡುತ್ತದೆ. ತಳ ಕಾಣುವುದೇ ಇಲ್ಲ.

ಗುರುಗ್ರಹದ ಚಂದ್ರ ಯೂರೋಪಾ ಮೇಲೂ ಇದೇ ಲೆಕ್ಕ ಓಡಿಸಿ ನೋಡಿದೆ. 1997ರ ಡಿಸೆಂಬರ್ 16ರಂದು ಗೆಲಿಲಿಯೋ ನೌಕೆ ತೆಗೆದದ್ದರಲ್ಲಿ ಪಿಕ್ಸೆಲ್‌ಗೆ 6 ಮೀಟರ್‌ನ ಚಿತ್ರಗಳಿವೆ, ಇದಕ್ಕಿಂತಲೂ ಸೂಕ್ಷ್ಮ. ಆದರೆ ಆ ನೌಕೆಯ ದೊಡ್ಡ ಆಂಟೆನಾ ಬಿಚ್ಚಿಕೊಳ್ಳಲೇ ಇಲ್ಲ. ಬಂದದ್ದು ಕಡಿಮೆ, ಬಂದದ್ದನ್ನೂ ಹಿಂಡಿ ಕಳಿಸಿದ್ದು. ಬಣ್ಣದ ಚಿತ್ರಗಳ ಪಿಕ್ಸೆಲ್ ತುಂಬಾ ದಪ್ಪ, ವಿಕಿರಣದ ಚುಕ್ಕಿಗಳು ಬೇರೆ. ಅನುಪಾತ ತೆಗೆದರೆ ಹಿಂಡಿದ ಚೌಕಗಳೇ ಎದ್ದು ಕಾಣುತ್ತವೆ. ಮೂರು ವಾರಕ್ಕೆ ಬಿಟ್ಟೆ. ಅಲ್ಲಿ ಕೆಂಪು ಕಲೆಗಳು ಚಿತ್ರ ನೋಡಿದ ಕೂಡಲೇ ಎದ್ದು ಕಾಣುವಾಗ ಇಷ್ಟು ಕಷ್ಟ ಯಾಕೆ ಅಂತಲೂ ಅನ್ನಿಸಿತು. 2024ರಲ್ಲಿ ಹೊರಟ ಯೂರೋಪಾ ಕ್ಲಿಪ್ಪರ್ ನೌಕೆ ಅಲ್ಲಿ ಕೆಲಸ ಶುರುಮಾಡಲಿ, ಆಗ ನೋಡೋಣ.

ಬೇಡ ಅಂದವರು ಒಪ್ಪಿದ್ದು ಎರಡು ಪರೀಕ್ಷೆಗಳ ಮೇಲೆ. ಒಂದು, ಹಳೇ ಕುಳಿಗಳ ನೆಲಕ್ಕೆ ಇದೇ ಲೆಕ್ಕ ಹಾಕಿದೆ. ಕುಳಿಯ ಬೆಳಗಿದ ಗೋಡೆಗೂ ಮಂಕಾದ ಗೋಡೆಗೂ ಅನುಪಾತದಲ್ಲಿ ನೂರಕ್ಕೆ ಎರಡು ಮೂರರ ಮೇಲೆ ವ್ಯತ್ಯಾಸ ಬರಲಿಲ್ಲ. ಅಂದರೆ ಇಳಿಜಾರಿನ ಬೆಳಕು ನಿಜವಾಗಿಯೂ ಹೊಡೆದುಹೋಗಿದೆ. ಇನ್ನೊಂದು, 2005ರ ಬಣ್ಣವನ್ನು ಪೂರ್ತಿ ಪಕ್ಕಕ್ಕಿಟ್ಟು, 2008ರ ಅಕ್ಟೋಬರ್‌ನ ಬಣ್ಣದ ಚಿತ್ರಗಳಿಂದ ಮೊದಲಿನಿಂದ ಎಲ್ಲ ಮತ್ತೆ ಮಾಡಿದೆ. ಸೂರ್ಯ ಬೇರೆ, ನೌಕೆ ಬಂದ ದಿಕ್ಕು ಬೇರೆ. ನೀಲಿಯ ಅಂಚು ಎರಡರಲ್ಲೂ ಬಣ್ಣದ ಒಂದು ಪಿಕ್ಸೆಲ್ ಒಳಗೆ ಒಂದೇ ಜಾಗದಲ್ಲಿ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ, ಯಾವುದು ಯಾವ ವರ್ಷದ್ದು ಅಂತ ಹೇಳಿರಲಿಲ್ಲ. ಮೂವರಲ್ಲಿ ಒಬ್ಬರಿಗೂ ಗುರುತಿಸಲು ಆಗಲಿಲ್ಲ.

ಹೊಸ ಚಿತ್ರ ಬರಲಿ ಅಂತ ಕಾಯುವ ಹಾಗಿಲ್ಲ. 2009ರ ವಿಷುವದ ನಂತರ ಆ ಧ್ರುವಕ್ಕೆ ಕತ್ತಲು ಕವಿಯಿತು, ಕ್ಯಾಸಿನಿಯ ಕೆಲಸ 2017ರ ಸೆಪ್ಟೆಂಬರ್ 15ಕ್ಕೆ ಮುಗಿಯಿತು. 2025ರಲ್ಲಿ ಮತ್ತೆ ಅಲ್ಲಿ ಬೆಳಕು ಹರಿದಿದೆ, ನೋಡಲು ನೌಕೆ ಇಲ್ಲ. ಇರುವ ಚಿತ್ರಗಳಲ್ಲೇ ಇನ್ನೂ ಎಷ್ಟೋ ಉಳಿದಿದೆ. ನಾನು ಈಗ ಬಾಗ್ದಾದ್ ಸೀಳಿನ ಮೇಲಿದ್ದೇನೆ. 2014ರಲ್ಲಿ ಕ್ಯಾಸಿನಿ ವಿಜ್ಞಾನಿ ಕ್ಯಾರೊಲಿನ್ ಪೋರ್ಕೋ ಅವರ ತಂಡ ಗುರುತಿಸಿದ 101 ಚಿಲುಮೆಗಳ ಜಾಗಗಳನ್ನು ನನ್ನ ನೀಲಿಯ ನಕ್ಷೆಯ ಮೇಲೆ ಒಂದೊಂದಾಗಿ ಇಡುತ್ತಿದ್ದೇನೆ. 38 ಮುಗಿದಿದೆ.